10 ದಿನ, 18 ಮಕ್ಕಳು, 5 ಮೊಬೈಲು: ಕಿರುಚಿತ್ರ ಶಿಬಿರ ಆಗುತ್ತಾ?

ಓದುಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಕಡೆಯ ಒಂದು ಗ್ರಾಮ ಪಂಚಾಯ್ತಿ ಅರಿವು ಕೇಂದ್ರದಲ್ಲಿ ಮೇಲ್ವಿಚಾರಕಿ. ಊರಿನವರ ಬಾಯಲ್ಲಿ ಇನ್ನೂ ಲೈಬ್ರರಿ ಮೇಡಂ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಶಿಬಿರ ಮಾಡುತ್ತೇವೆ. ಕಥೆ ಓದಿಸುವುದು, ಚಿತ್ರ ಬಿಡಿಸುವುದು, ಕಾಗದದ ಗೊಂಬೆ, ಹೀಗೆ. ಚಿಕ್ಕವರು ಖುಷಿಯಾಗಿ ಬರುತ್ತಾರೆ. 8, 9ನೇ ಕ್ಲಾಸಿನವರು ಮಾತ್ರ ಬಾಗಿಲ ತನಕ ಬಂದು, ಇಣುಕಿ, ಹಾಗೇ ವಾಪಸ್ ಹೋಗುತ್ತಾರೆ. ಹೋದ ವರ್ಷ ಒಬ್ಬನನ್ನು ನಿಲ್ಲಿಸಿ ಕೇಳಿದೆ, "ಏನು ಮಾಡಿಸಿದ್ರೆ ಬರ್ತೀಯಪ್ಪಾ?" ಅಂತ. "ಸಿನಿಮಾ ಮಾಡ್ಸಿ ಮಿಸ್" ಅಂದ.

ಯೋಚನೆ ಮಾಡದೆ ಹೂಂ ಅಂದುಬಿಟ್ಟೆ. ಈಗ 18 ಮಕ್ಕಳು ಹೆಸರು ಕೊಟ್ಟಿದ್ದಾರೆ. 12ರಿಂದ 16 ವರ್ಷದವರು, ಅದರಲ್ಲಿ 7 ಹುಡುಗಿಯರು. ಮೇ ಮೊದಲ ವಾರದಿಂದ 10 ದಿನ, ಬೆಳಿಗ್ಗೆ 9ರಿಂದ 1 ಗಂಟೆ. ಕೈಯಲ್ಲಿರುವುದು ನನ್ನದೂ ಸೇರಿ 5 ಮೊಬೈಲು, ಕೇಂದ್ರದ ಒಂದು ಕಂಪ್ಯೂಟರ್ (ಆನ್ ಮಾಡಿ, ಟೀ ಕುಡಿದು ಬರಬಹುದು), ಪಂಚಾಯ್ತಿಯ ಪ್ರೊಜೆಕ್ಟರ್, ದಾನಿಗಳೊಬ್ಬರು ಕೊಟ್ಟ 6,000 ರೂಪಾಯಿ. ನನಗೆ ಸಿನಿಮಾ ನೋಡೋದು ಗೊತ್ತು, ಮಾಡೋದು ಗೊತ್ತಿಲ್ಲ.

ಏನು ಕೊಳ್ಳಬೇಕು? ಮೊದಲ ದಿನ ಎಲ್ಲಿಂದ ಶುರು ಮಾಡಲಿ? 10 ದಿನದಲ್ಲಿ ನಿಜವಾಗಲೂ ಆಗುತ್ತಾ, ಇಲ್ಲಾ ಸುಮ್ನೆ ಮಕ್ಕಳಿಗೆ ಆಸೆ ಹುಟ್ಟಿಸಿದೆನಾ?

ಫ್ರೇಮ್‌ರಾಜ:

ಮೇಡಂ, ಮೊಬೈಲಲ್ಲಿ ಮಾಡಿದರೆ ಮೊಬೈಲ್ ಥರಾನೇ ಕಾಣುತ್ತೆ. ತುಮಕೂರಲ್ಲಿ ವಿಚಾರಿಸಿ, ಒಂದು ಒಳ್ಳೆ ಕ್ಯಾಮೆರಾ, 50 ಎಂಎಂ ಲೆನ್ಸು, ಒಂದು ಗಿಂಬಲ್ (ನಡೆಯುತ್ತಾ ತೆಗೆದರೂ ಕ್ಯಾಮೆರಾ ಅಲ್ಲಾಡದ ಹಾಗೆ ಹಿಡಿಯುವ ಹಿಡಿಕೆ) 2 ದಿನಕ್ಕೆ ಬಾಡಿಗೆಗೆ ತಗೊಳ್ಳಿ. ಹಿಂದುಗಡೆ ಎಲ್ಲಾ ಬ್ಲರ್ ಆಗಿ ಸಿನಿಮಾ ಲುಕ್ ಬರುತ್ತೆ, ಮಕ್ಕಳಿಗೂ ಜೋಶ್. ಸ್ಕ್ರಿಪ್ಟ್ ನೀವೇ ಮೊದಲೇ ಬರೆದಿಟ್ಟುಕೊಂಡರೆ ಟೈಮ್ ಉಳಿಯುತ್ತೆ.

ಧಾರೆಮುಹೂರ್ತ:

ಫ್ರೇಮ್‌ರಾಜ ಅವರೇ, ನಿಮ್ಮ ಮಾತಿಗೆ ಪೂರ್ತಿ ಉಲ್ಟಾ ಹೇಳುತ್ತಿದ್ದೇನೆ, ಬೇಜಾರಾಗಬೇಡಿ. ನೀವು ಹೇಳಿದ್ದನ್ನೇ ನಾನು ಮೊದಲ ವರ್ಷ ಮಾಡಿ ಕೈ ಸುಟ್ಟುಕೊಂಡವನು.

ನಾನು ಸಾಗರದ ಹತ್ತಿರದವನು. ಹೊಟ್ಟೆಪಾಡಿಗೆ ಮದುವೆ ವಿಡಿಯೊ. 24 ವರ್ಷದಲ್ಲಿ ಎಷ್ಟು ಧಾರೆ, ಎಷ್ಟು ಉಪನಯನ ತೆಗೆದೆನೋ ಲೆಕ್ಕ ಇಟ್ಟಿಲ್ಲ. 11 ವರ್ಷದಿಂದ ಬೇಸಿಗೆಯಲ್ಲಿ ಮಕ್ಕಳ ಕಿರುಚಿತ್ರ ಶಿಬಿರವನ್ನೂ ಮಾಡುತ್ತಿದ್ದೇನೆ. ಮೇ ಅಂದರೆ ನಮಗೆ ದುಡಿಮೆಯ ತಿಂಗಳು. ಅದಕ್ಕೇ ಪಂಚಾಂಗ ಹಿಡಿದು ಮುಹೂರ್ತ ಇಲ್ಲದ ದಿನ ಹುಡುಕಿ ಶಿಬಿರ ಇಡುತ್ತೇನೆ. ಊರವರೆಲ್ಲ ಒಳ್ಳೆ ದಿನ ನೋಡಿದರೆ ನಾನು ಕೆಟ್ಟ ದಿನ ನೋಡುತ್ತೇನೆ.

ಮೊದಲ ವರ್ಷ ನನ್ನ ಮದುವೆ ಕ್ಯಾಮೆರಾವನ್ನೇ ಹೊತ್ತುಕೊಂಡು ಹೋದೆ. 20 ಮಕ್ಕಳು. ಮೂರು ದಿನ ಬೋರ್ಡಿನ ಮೇಲೆ ಅಪರ್ಚರ್, ಐಎಸ್ಒ ಅಂತ ಚಿತ್ರ ಬಿಡಿಸಿದೆ. ನಾಲ್ಕನೇ ದಿನ 9 ಜನ ಬಂದರು. ಉಳಿದವರು ಗೇರುಹಣ್ಣು ಕೊಯ್ಯಲು ಹೋಗಿದ್ದರು. ನನ್ನ ಪಾಠಕ್ಕಿಂತ ಗೇರುಹಣ್ಣೇ ವಾಸಿ ಅಂತ ಅವರಿಗೆ ಅನಿಸಿದ್ದರಲ್ಲಿ ತಪ್ಪೇನಿಲ್ಲ. ಬಂದವರಲ್ಲಿ ಕ್ಯಾಮೆರಾ ಯಾರ ಕೈಗೆ ಹೋಯಿತು? ಎಲ್ಲರಿಗಿಂತ ಎತ್ತರದ ಹುಡುಗನ ಕೈಗೆ. ಹುಡುಗಿಯರು ಕೊಡೆ ಹಿಡಿದುಕೊಂಡು ನಿಂತರು. ಕ್ಯಾಮೆರಾ ಒಂದೇ ಇದ್ದರೆ ಕ್ಯಾಮೆರಾಮ್ಯಾನೂ ಒಬ್ಬನೇ. ಮಿಕ್ಕವರು ಶೂಟಿಂಗ್ ನೋಡಲು ಬಂದ ಜನ ಅಷ್ಟೆ.

ಹಾಗಾಗಿ ಮೇಡಂ, ನಿಮ್ಮ 5 ಮೊಬೈಲು ಕಮ್ಮಿಯಲ್ಲ. 4 ಗುಂಪು ಮಾಡಿ, ಗುಂಪಿಗೆ ಒಂದು ಫೋನು. ಐದನೆಯದು ಬರೀ ಧ್ವನಿಗೆ. ಅದರ ಕಥೆ ಆಮೇಲೆ ಹೇಳುತ್ತೇನೆ. ಗುಂಪಿನೊಳಗೆ ದಿನಾ ಕೆಲಸ ಬದಲಾಗಬೇಕು. ಇವತ್ತು ಫೋನ್ ಹಿಡಿದವರು ನಾಳೆ ಧ್ವನಿ, ನಾಡಿದ್ದು ನಟನೆ. ಇದನ್ನು ಬರೆದು ಗೋಡೆಗೆ ಅಂಟಿಸಿ. ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ, ಆ ಎತ್ತರದ ಹುಡುಗ ನಿಮ್ಮೂರಲ್ಲೂ ಇರುತ್ತಾನೆ.

ಖರ್ಚು. ಮೊಬೈಲ್ ಸಿಕ್ಕಿಸುವ ಸ್ಟ್ಯಾಂಡು ಎರಡು ಸಾಕು. ಉಳಿದ ಗುಂಪಿಗೆ ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಚೀಲ ಹೊಲಿದು ಒಂದೂವರೆ ಕೆ.ಜಿ. ರಾಗಿ ತುಂಬಿ. ಕಲ್ಲಿನ ಮೇಲೋ ಕಿಟಕಿ ಮೇಲೋ ಅದನ್ನಿಟ್ಟು, ಫೋನನ್ನು ಅದರಲ್ಲಿ ಹೂತು ಕೂರಿಸಿದರೆ ಅಲ್ಲಾಡುವುದಿಲ್ಲ. ನಮ್ಮ ಕಡೆ ಅಕ್ಕಿ ತುಂಬುತ್ತೇವೆ. ನಿಮ್ಮದು ಶಿಬಿರ ಮುಗಿದ ಮೇಲೆ ಮುದ್ದೆಗಾಯಿತು. ವೈರ್ ಇರುವ ಕಾಲರ್ ಮೈಕ್ ಒಂದು, 64 ಜಿಬಿ ಪೆನ್‌ಡ್ರೈವ್ ಎರಡು, ಫೋನಿಗೆ ಪೆನ್‌ಡ್ರೈವ್ ಸಿಕ್ಕಿಸುವ ಓಟಿಜಿ, ಎಕ್ಸ್‌ಟೆನ್ಶನ್ ಬಾಕ್ಸ್ ಒಂದು, ಎರಡು ಥರ್ಮಾಕೋಲ್ ಶೀಟು. ಥರ್ಮಾಕೋಲ್ ಯಾಕೆ ಅಂದರೆ ಮುಖಕ್ಕೆ ಬೆಳಕು ಹೊಡೆಸಲು. ದೊಡ್ಡ ಸಿನಿಮಾದವರೂ ಅದನ್ನೇ ಹಿಡಿಯುತ್ತಾರೆ. ಮಿಕ್ಕ ದುಡ್ಡು ಪೂರ್ತಿ ಮಜ್ಜಿಗೆ, ಅವಲಕ್ಕಿಗೆ. ಗಿಂಬಲ್ ಬೇಡವೇ ಬೇಡ. ಅದು ಕೈಗೆ ಬಂದರೆ ಮಕ್ಕಳು ಎಲ್ಲರ ಸುತ್ತ ಪ್ರದಕ್ಷಿಣೆ ಹಾಕುತ್ತಾರೆ. ಮದುವೆಯಲ್ಲಿ ನಾನೂ ಅದನ್ನೇ ಮಾಡುವುದು, ಅಲ್ಲಿ ಅದಕ್ಕೆ ದುಡ್ಡು ಕೊಡುತ್ತಾರೆ.

ಮೊದಲ ದಿನ ಪಾಠ ಬೇಡ. 1895ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಲೂಮಿಯೇರ್ ಅಣ್ಣ-ತಮ್ಮ ಟಿಕೆಟ್ ಇಟ್ಟು 10 ಚಿತ್ರ ತೋರಿಸಿದರಲ್ಲ, ಅವರ ಕ್ಯಾಮೆರಾ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 17 ಮೀಟರ್ ರೀಲು. ಒಂದೊಂದು ಚಿತ್ರವೂ ಹೆಚ್ಚುಕಮ್ಮಿ 50 ಸೆಕೆಂಡು. ಪೆಟ್ಟಿಗೆ ಒಂದೇ ಕಡೆ ನಿಂತಿರುತ್ತದೆ, ನಡುವೆ ಕಟ್ ಇಲ್ಲ. ಮಕ್ಕಳಿಗೂ ಅದನ್ನೇ ಕೊಡುತ್ತೇನೆ. ಫೋನನ್ನು ಒಂದು ಕಡೆ ಇಡಿ. ಮುಟ್ಟಬೇಡಿ. 50 ಸೆಕೆಂಡು. ಯಾರಿಗೂ ನಟಿಸಲು ಹೇಳಬೇಡಿ. ಎಲ್ಲಿ ಇಡಬೇಕು, ಯಾವಾಗ ಒತ್ತಬೇಕು, ಅಷ್ಟು ಮಾತ್ರ ನಿಮ್ಮ ಕೈಯಲ್ಲಿ.

ಶುರುವಿನಲ್ಲಿ ಯಾರಿಗೂ ಆಗುವುದಿಲ್ಲ. 15 ಸೆಕೆಂಡಿಗೇ ಕೈ ತುರಿಸುತ್ತದೆ, ಝೂಮ್ ಮಾಡುತ್ತಾರೆ. ಒಂದು ವರ್ಷ ಒಬ್ಬಳು ಬಸ್‌ಸ್ಟಾಪಿನ ಎದುರು ಇಟ್ಟಳು. ಬಸ್ಸು ಬಂತು, ನಾಲ್ಕು ಜನ ಇಳಿದರು, ಬಸ್ಸು ಹೋಯಿತು. ಮುಗೀತಲ್ಲ ಅಂತ ಎಲ್ಲರೂ ಅಂದುಕೊಳ್ಳುವ ಹೊತ್ತಿಗೆ, ಇಳಿದವರಲ್ಲಿ ಒಬ್ಬ ಅಜ್ಜ ತಿರುಗಿ ನಿಂತು ಎರಡೂ ಕೈ ನೋಡಿಕೊಂಡ. ಕೊಡೆ ಬಸ್ಸಲ್ಲೇ ಹೋಗಿತ್ತು. ಪ್ರೊಜೆಕ್ಟರಿನಲ್ಲಿ ತೋರಿಸಿದಾಗ ಕ್ಲಾಸು ಬಿದ್ದು ಬಿದ್ದು ನಕ್ಕಿತು, ಆಮೇಲೆ ಸ್ವಲ್ಪ ಸುಮ್ಮನಾಯಿತು. "ಸರ್, ನಾನು 20ಕ್ಕೇ ನಿಲ್ಲಿಸಿದ್ರೆ ಅಜ್ಜ ಸಿಗ್ತಿರ್ಲಿಲ್ಲ" ಅಂದಳು. ಕಾಯುವುದನ್ನು ನಾನು ಇದಕ್ಕಿಂತ ಚೆನ್ನಾಗಿ ಹೇಳಿಕೊಡಲಾರೆ.

ಮೂರನೇ ದಿನ ಕಥೆ. ಇಲ್ಲಿ ಹುಷಾರು. ಏನೂ ಹೇಳದೆ ಬಿಟ್ಟರೆ ಬರುವ ಕಥೆಗಳು ಇವು: ಕುಡುಕ ಅಪ್ಪ ಸಾಯುತ್ತಾನೆ. ಹಾಳು ಮನೆಯಲ್ಲಿ ದೆವ್ವ. ಹೆಲ್ಮೆಟ್ ಹಾಕದೆ ಅಪಘಾತ. ಕಾಡು ಕಡಿದವನು ಕೊನೆಗೆ ಅತ್ತು ಗಿಡ ನೆಡುತ್ತಾನೆ. ಮಕ್ಕಳದ್ದು ತಪ್ಪಿಲ್ಲ, ಶಾಲೆಯಲ್ಲಿ ಬಹುಮಾನ ಬರುವುದು ಇಂಥವಕ್ಕೇ. ಅದಕ್ಕೆ ನನ್ನ ಶಿಬಿರದಲ್ಲಿ ಕಾನೂನು ಇದೆ. ಯಾರೂ ಸಾಯಬಾರದು. ದೆವ್ವ ಬೇಡ. ಕುಡುಕ ಬೇಡ. ಕೊನೆಗೆ ಯಾರೂ ಗಿಡ ನೆಡಬಾರದು. ಮೂರು ನಿಮಿಷ ದಾಟಬಾರದು, ಮಾತು ಐದು ಸಾಲಿಗಿಂತ ಜಾಸ್ತಿ ಇರಬಾರದು. ಆಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ: ಈ ವಾರ ನಿಮ್ಮನೇಲಿ ಯಾರಿಗೆ ಯಾರ ಮೇಲೆ ಸಿಟ್ಟು ಬಂತು, ಯಾಕೆ?

ಒಬ್ಬ ಹುಡುಗ "ಅಜ್ಜಿಗೆ, ನನ್ ಮೇಲೆ, ಹಪ್ಪಳಕ್ಕೆ" ಅಂದ. ಮಲೆನಾಡಿನಲ್ಲಿ ಮೇ ಅಂದರೆ ಹಲಸಿನ ಹಪ್ಪಳ. ಸೊಳೆ ಬೇಯಿಸಿ, ಕುಟ್ಟಿ, ಒತ್ತಿ, ಅಂಗಳದಲ್ಲಿ ಚಾಪೆ ಹಾಸಿ ಒಣಗಿಸುತ್ತಾರೆ. ಕಾಗೆ, ದನ ಬರದ ಹಾಗೆ ಕೋಲು ಹಿಡಿದು ಕೂರುವ ಕೆಲಸ ಮನೆಯ ಹುಡುಗನದ್ದು. ಪಕ್ಕದ ಗದ್ದೆಯಲ್ಲಿ ಕ್ರಿಕೆಟ್. ಇವನು ಒಂದೇ ಓವರ್ ಅಂತ ಹೋದ. ಕರು ಬಂದು ಚಾಪೆ ಖಾಲಿ ಮಾಡಿತು. ಕಥೆ ಇಷ್ಟೇ. ಇದಕ್ಕಿಂತ ಒಳ್ಳೆ ಕಥೆ ನನಗೆ 11 ವರ್ಷದಲ್ಲಿ ಸಿಕ್ಕಿಲ್ಲ.

ಶೂಟಿಂಗ್ ದಿನ ಆದದ್ದು ಕೇಳಿ. ಕರು ಬಿಟ್ಟರು. ಅದು ನೆಟ್ಟಗೆ ಬಂದು, ನಿಧಾನಕ್ಕೆ, ಒಳ್ಳೆ ನಟನ ಹಾಗೆ 11 ಹಪ್ಪಳ ತಿಂದಿತು. ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ಕಟ್ ಅಂದ ಮೇಲೆ ಗೊತ್ತಾಯಿತು, ಫೋನ್ ಹಿಡಿದ ಹುಡುಗ ಗಾಬರಿಯಲ್ಲಿ ಬಟನ್ ಎರಡು ಸಲ ಒತ್ತಿದ್ದ. ರೆಕಾರ್ಡ್ ಆದದ್ದು ಒಂದು ಸೆಕೆಂಡು. ಎರಡನೇ ಟೇಕಿಗೆ ಕರು ಬಂತು, ಮೂಸಿತು, ಹೊರಟುಹೋಯಿತು. ಬೆಲ್ಲ ಸವರಿದರು, ಬಾಳೆಹಣ್ಣು ಇಟ್ಟರು. ಬಾಳೆಹಣ್ಣು ಮಾತ್ರ ತಿಂದಿತು. ಅಜ್ಜಿ ಒಳಗಿಂದ ಬಂದು, "ಸಿನಿಮಾ ಅಂತ ಹೇಳಿ ನನ್ನ ಹಪ್ಪಳ ಎಷ್ಟು ತಿನ್ನಿಸ್ತ್ರಿ?" ಅಂತ ಚಾಪೆಯನ್ನೇ ಎತ್ತಿದರು. ಹುಡುಗರು ಅಳುವ ಹಾಗಾದರು. ನಾನು ಬಾಯಿ ಬಿಡಲಿಲ್ಲ. ಬಿಡದೆ ಇರುವುದು ಎಷ್ಟು ಕಷ್ಟ ಅಂತ ನಿಮಗೆ ಶಿಬಿರದಲ್ಲಿ ಗೊತ್ತಾಗುತ್ತದೆ.

ಆವತ್ತು ಧ್ವನಿಯ ಕೆಲಸದಲ್ಲಿದ್ದ 13 ವರ್ಷದ ಹುಡುಗಿ ಒಬ್ಬಳು ಕೇಳಿದಳು, "ಕರು ಕಾಣ್ಲೇಬೇಕಾ ಸರ್?" ಅಂತ. ಅವಳ ಪ್ರಕಾರ ಚಿತ್ರ ಹೀಗೆ. ಹುಡುಗ ಬ್ಯಾಟ್ ಹಿಡಿದು ನಿಂತಿದ್ದಾನೆ. ದೂರದಲ್ಲಿ ಕರುವಿನ ಕೊರಳ ಗಂಟೆ ಕೇಳುತ್ತದೆ. ಅವನ ಮುಖ. ಬಾಲ್ ಬಂದರೂ ಬ್ಯಾಟ್ ಎತ್ತುವುದಿಲ್ಲ. ಗಂಟೆ ನಿಂತುಹೋಗುತ್ತದೆ. ಆಮೇಲೆ ಚಾಪೆ, ನಡುವೆ ಖಾಲಿ, ಅಂಚಿನಲ್ಲಿ ಅರ್ಧ ಹಪ್ಪಳ, ಪಕ್ಕದಲ್ಲಿ ನೆಲದ ಮೇಲೆ ಕೋಲು. ಮೆಲ್ಲುವ ಸದ್ದಿಗೆ ಅವಳೇ ಕರಿದ ಹಪ್ಪಳವನ್ನು ಮೈಕಿನ ಹತ್ತಿರ ಕರಕರ ತಿಂದು ರೆಕಾರ್ಡ್ ಮಾಡಿದಳು. ಊರಲ್ಲಿ ಚಿತ್ರ ತೋರಿಸಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಒಬ್ಬರು ಮಾತ್ರ ತಕರಾರು ತೆಗೆದರು: "ಒಣಗದಿದ್ದ ಹಪ್ಪಳ ಎಲ್ಲಾದ್ರೂ ಕರುಂ ಅಂತದಾ?" ನ್ಯಾಯವಾದ ವಿಮರ್ಶೆ ಮಾರಾಯ್ರೆ. ಆ ತಪ್ಪು ನನ್ನ ಕಿವಿಗೂ ಬಿದ್ದಿರಲಿಲ್ಲ.

ಇನ್ನು ಬೇಗ ಬೇಗ ಕೆಲವು. ಎಲ್ಲಾ ಫೋನನ್ನೂ ಏರೋಪ್ಲೇನ್ ಮೋಡಿಗೆ ಹಾಕಿ, ಒಳ್ಳೆ ಶಾಟಿನ ನಡುವೆಯೇ ಮಾವ ಫೋನ್ ಮಾಡುವುದು. ಎಲ್ಲದರಲ್ಲೂ ವಿಡಿಯೊ ಸೆಟ್ಟಿಂಗ್ ಒಂದೇ ಇರಲಿ, 1080, ಸೆಕೆಂಡಿಗೆ 30 ಫ್ರೇಮ್. 4ಕೆ ಬೇಡ, ಮೆಮೊರಿ ತುಂಬುತ್ತದೆ. ಫೋನು ಅಡ್ಡ. ಪರದೆಯ ಮೇಲೆ ಮುಖವನ್ನು ಒತ್ತಿಹಿಡಿದರೆ ಫೋಕಸು, ಬೆಳಕು ಎರಡೂ ಲಾಕ್ ಆಗುತ್ತವೆ, ಇಲ್ಲದಿದ್ದರೆ ಬಿಳಿ ಅಂಗಿಯವರು ಹಾದುಹೋದ ಕೂಡಲೇ ಚಿತ್ರ ಕಪ್ಪಾಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಪಟ್ಟಿ ಪಟ್ಟಿ ಓಡಿದರೆ ಗಾಬರಿ ಬೇಡ, ನಮ್ಮ ಕರೆಂಟು 50 ಹರ್ಟ್ಸ್, ಅದರ ಮಿಣುಕು ಅದು. ಶಟರ್ ಬದಲಿಸುವ ಸೌಲಭ್ಯ ಇದ್ದರೆ 1/50 ಅಥವಾ 1/100 ಇಡಿ, ಇಲ್ಲದಿದ್ದರೆ ಲೈಟ್ ಆರಿಸಿ ಕಿಟಕಿ ತೆಗೆಯಿರಿ. 11 ಗಂಟೆ ಮೇಲೆ ಹೊರಗೆ ಶೂಟಿಂಗ್ ಬೇಡ. ಬಿಸಿಲು ನೆತ್ತಿಗೆ ಬಂದರೆ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಂಡಿ ಕಾಣುತ್ತವೆ, ಫೋನೂ ಕಾದು ಆಫ್ ಆಗುತ್ತದೆ. ನಿಮ್ಮ ಸಮಯ 9ರಿಂದ ಅಂತ ಹೇಳಿದಿರಿ. ಶೂಟಿಂಗ್ ಇರುವ ದಿನ 7ಕ್ಕೇ ಕರೆಯಿರಿ.

ಕ್ಲಿಪ್ಪನ್ನು ವಾಟ್ಸಾಪಲ್ಲಿ ವಿಡಿಯೊ ಅಂತ ಕಳಿಸಲೇಬೇಡಿ, ಅದು ಹಿಂಡಿ ಸಣ್ಣದು ಮಾಡುತ್ತದೆ. ಪ್ರತಿ ದಿನ ಮಧ್ಯಾಹ್ನ ಎರಡೂ ಪೆನ್‌ಡ್ರೈವಿಗೆ ಕಾಪಿ ಮಾಡಿ, ಒಂದು ನಿಮ್ಮ ಮನೆಯಲ್ಲಿ, ಒಂದು ಕೇಂದ್ರದಲ್ಲಿ. ಮೂರನೇ ವರ್ಷ ನನ್ನ ಲ್ಯಾಪ್‌ಟಾಪಿನ ಡಿಸ್ಕು ಹೋಗಿ ಎರಡು ಗುಂಪಿನ ಕೆಲಸ ಪೂರ್ತಿ ಹೋಯಿತು. ಆ ಮಕ್ಕಳ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ.

ಎಡಿಟಿಂಗಿಗೆ ನಿಮ್ಮ ಕಂಪ್ಯೂಟರ್ ಮುಟ್ಟಬೇಡಿ, ಟೀ ಅಲ್ಲ, ಊಟ ಮಾಡಿ ಬರಬೇಕಾಗುತ್ತದೆ. ಫೋನಲ್ಲೇ ಮಾಡಿ. ವಿಎನ್ ಅಂತ ಒಂದು ಆ್ಯಪ್ ಇದೆ, ನಮಗೆ ಅದು ಸಾಕಾಗಿದೆ. ಕೈನ್‌ಮಾಸ್ಟರ್ ಕೂಡ ಚೆನ್ನಾಗಿದೆ, ಬಿಟ್ಟಿ ಬಳಸಿದರೆ ಮೂಲೆಯಲ್ಲಿ ಅದರ ಹೆಸರು ಕೂರುತ್ತದೆ. ಆದರೆ ಫೋನ್ ಮುಟ್ಟುವ ಮೊದಲು ಒಂದು ಕೆಲಸ. ಪ್ರತಿ ಶಾಟನ್ನೂ ಒಂದೊಂದು ಚೀಟಿಯಲ್ಲಿ ಬರೆಸಿ ನೆಲದ ಮೇಲೆ ಸಾಲಾಗಿ ಇಡಿಸಿ. ಪರದೆ ಸಣ್ಣದು, ಬೆರಳು ಒಬ್ಬರದ್ದೇ ಹೋಗುತ್ತದೆ. ನೆಲದ ಮೇಲಾದರೆ ನಾಲ್ಕೂ ಜನ ಮಂಡಿಯೂರಿ ಕೂತು, "ಇದು ಮೊದ್ಲು", "ಅಲ್ಲ ಕಣೋ ಅದು ಆಮೇಲೆ" ಅಂತ ಜಗಳ ಆಡುತ್ತಾರೆ. ಫ್ಯಾನ್ ಮಾತ್ರ ಆಫ್ ಮಾಡಿ, ಚೀಟಿ ಹಾರುತ್ತದೆ.

10 ದಿನಕ್ಕೆ ಆಗುತ್ತಾ ಅಂದಿರಿ. ಆಗುತ್ತದೆ. ಎರಡು ದಿನ ನೋಡುವುದು, ಎರಡು ದಿನ ಕಥೆ, ಮೂರು ದಿನ ಶೂಟಿಂಗ್, ಎರಡು ದಿನ ಎಡಿಟಿಂಗ್, ಕೊನೆಯ ಸಂಜೆ ಪ್ರದರ್ಶನ. ನಾಲ್ಕರಲ್ಲಿ ಒಂದು ಗುಂಪಿನದು ಕೈಕೊಡುತ್ತದೆ. ಕೊಡಲಿ.

ಮನೆಯಜಮಾನ:

ಎಲ್ಲಾ ಸರಿ. ಆದರೆ ನನಗೊಂದು ಅನುಮಾನ. ನನ್ನ ಮಗ ದಿನಕ್ಕೆ ನಾಲ್ಕು ಗಂಟೆ ರೀಲ್ಸ್ ನೋಡುತ್ತಾನೆ. ಬೇಸಿಗೆ ಶಿಬಿರ ಅಂದ್ರೆ ಕೈಯಿಂದ ಮೊಬೈಲ್ ಬಿಡಿಸಬೇಕು ಅಲ್ವಾ? ನೀವು ಅದನ್ನೇ ಹಿಡಿಸ್ತೀರಲ್ಲ.

ಧಾರೆಮುಹೂರ್ತ:

ಯಜಮಾನರೇ, ಈ ಮಾತನ್ನು ಪ್ರತಿ ವರ್ಷ ಒಬ್ಬರಾದರೂ ಹೇಳುತ್ತಾರೆ, ನನಗೂ ಪೂರ್ತಿ ತಪ್ಪು ಅನಿಸುವುದಿಲ್ಲ.

ರೀಲ್ಸ್ ಮಾಡುವ ಮಕ್ಕಳಿಗೆ ಬರುವ ವಿದ್ಯೆ ಸಣ್ಣದಲ್ಲ. ತಾಳಕ್ಕೆ ಸರಿಯಾಗಿ ಕಟ್ ಮಾಡುವುದು ನನಗೆ ಕಲಿಯಲು ಐದು ವರ್ಷ ಹಿಡಿಯಿತು, ಅವರು ಐದು ದಿನಕ್ಕೆ ಮಾಡುತ್ತಾರೆ. ಬರದೆ ಇರುವುದು ಬೇರೆಯವರನ್ನು ನೋಡುವುದು. ಫೋನಿನ ಮುಂದಿನ ಕ್ಯಾಮೆರಾ ಇದೆಯಲ್ಲ, ಅದಕ್ಕೆ ಮೊದಲ ದಿನವೇ ಸಣ್ಣ ಟೇಪು ಅಂಟಿಸುತ್ತೇನೆ. ಇಷ್ಟು ಮಾಡಿದರೆ ಅದೇ ಫೋನು ಬೇರೆ ವಸ್ತು ಆಗುತ್ತದೆ, ಪರೀಕ್ಷೆ ಮಾಡಿ ನೋಡಿ.

ಇನ್ನೊಂದು, ನಮ್ಮ ಕಡೆಯ ಹಳೇ ಮಾತು. ನಮ್ಮೂರಿಗೆ ಹೆಗ್ಗೋಡು ಹತ್ತಿರ. 1979ರಲ್ಲಿ ಅಲ್ಲಿನ ನಾಟಕ ಸಂಸ್ಥೆ ನೀನಾಸಂನವರು ಚಲನಚಿತ್ರ ರಸಗ್ರಹಣ ಶಿಬಿರ, ಅಂದರೆ ಸಿನಿಮಾ ನೋಡುವುದನ್ನು ಕಲಿಸುವ ಶಿಬಿರ, ಶುರು ಮಾಡಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಬಂದು ಪಾಠ ಮಾಡುತ್ತಿದ್ದರು, ಫಿಲ್ಮ್ ಆರ್ಕೈವಿನ ಪಿ.ಕೆ. ನಾಯರ್ ಅವರಿಂದಾಗಿ ದೇಶ ದೇಶದ ಸಿನಿಮಾದ ರೀಲು ಬರುತ್ತಿತ್ತು. ನಮ್ಮಪ್ಪ ತೋಟದ ಕೆಲಸ ಮುಗಿಸಿ ಸೈಕಲ್ ತುಳಿದು ಹೋಗಿ ಜಪಾನಿನ ಸಿನಿಮಾ ನೋಡಿ ಬರುತ್ತಿದ್ದರು. ಅವರಿಗೆ ಅದರ ಒಂದು ಮಾತೂ ಅರ್ಥ ಆಗುತ್ತಿರಲಿಲ್ಲ. ಮಾರನೇ ದಿನ ಅಡಿಕೆ ಸುಲಿಯುತ್ತಾ ಇಡೀ ಕಥೆ ನಮ್ಮಮ್ಮನಿಗೆ ಹೇಳುತ್ತಿದ್ದರಂತೆ, ಯಾರು ಎಲ್ಲಿ ನಿಂತಿದ್ದರು ಅನ್ನುವುದರ ಸಮೇತ. ಹಾಗಾಗಿ ನೋಡುವುದಕ್ಕೇ ಎರಡು ದಿನ ಇಡಿ ಅಂತ ನಾನು ಹಠ ಹಿಡಿಯುವುದು.

ಟೈಮ್‌ಲೈನ್ ಹುಡುಗಿ:

ನಾನು ಬೆಂಗಳೂರಲ್ಲಿ ಅಸಿಸ್ಟೆಂಟ್ ಎಡಿಟರ್. 14 ವರ್ಷದವಳಿದ್ದಾಗ ಇಂಥದ್ದೇ ಒಂದು ಶಿಬಿರಕ್ಕೆ ಹೋಗಿದ್ದೆ, ಎಲ್ಲಿ ಅಂತ ಹೇಳುವುದಿಲ್ಲ. ಕಥೆ ಅಲ್ಲಿನ ಮೇಷ್ಟರದ್ದು. ಶಾಟ್ ಇಟ್ಟಿದ್ದು ಅವರ ಸ್ನೇಹಿತ. ಎಡಿಟಿಂಗ್ ನಗರದಲ್ಲಿ, ನಾವಿಲ್ಲದಾಗ. ಚಿತ್ರ ಚೆನ್ನಾಗಿತ್ತು, ಬಹುಮಾನವೂ ಬಂತು. ವೇದಿಕೆ ಮೇಲೆ "ಮಕ್ಕಳೇ ಮಾಡಿದ ಚಿತ್ರ" ಅಂದರು. ನಾನು ಅದರಲ್ಲಿ ಬಿಂದಿಗೆ ಹೊತ್ತು ಮೂರು ಸಲ ನಡೆದಿದ್ದೆ ಅಷ್ಟೆ. ಚಪ್ಪಾಳೆ ತಟ್ಟುವಾಗ ಎಷ್ಟು ನಾಚಿಕೆಯಾಯಿತು ಅಂದ್ರೆ, ಮನೆಯಲ್ಲಿ ಬಹುಮಾನದ ವಿಷಯ ಹೇಳಲೇ ಇಲ್ಲ. ಸ್ಕ್ರಿಪ್ಟ್ ನೀವೇ ಬರೆಯಿರಿ ಅನ್ನುವ ಸಲಹೆ ನೋಡಿ ಇದನ್ನು ಬರೆಯಬೇಕು ಅನಿಸಿತು.

ಮತ್ತೆ ಮೇಡಂ, ಸಿನಿಮಾ ಹಾಡು ಹಾಕಿಸಬೇಡಿ. ಕಾಪಿರೈಟ್ ಒಂದು ಕಾರಣ. ಇನ್ನೊಂದು, ಹಾಡು ಹಾಕಿದ ಕೂಡಲೇ ಮಕ್ಕಳ ಚಿತ್ರ ಆ ಹಾಡಿನ ವಿಡಿಯೊ ಆಗಿಬಿಡುತ್ತೆ.

ಫ್ರೇಮ್‌ರಾಜ:

ಸರಿ ಸರಿ, ಸ್ಕ್ರಿಪ್ಟ್ ಮಾತು ವಾಪಸ್ ತಗೊಂಡೆ. ಕ್ಯಾಮೆರಾ ಮಾತು ತಗೊಳ್ಳಲ್ಲ.

ಓದುಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾಗಿ ಚೀಲ ನಾಲ್ಕು ಹೊಲಿದಾಯ್ತು. ಒಂದು ಹೆದರಿಕೆ ಉಳಿದಿದೆ. ಇಬ್ಬರು ಹುಡುಗಿಯರ ಮನೆಯವರು ಬಂದು, "ವಿಡಿಯೊ ತೆಗೀತಾರಂತೆ, ಯೂಟ್ಯೂಬಿಗೆ ಹಾಕ್ತಾರಂತೆ, ನಮ್ಮ ಹುಡುಗಿ ಬೇಡ" ಅಂದರು. ಅವರಿಗೆ ಏನು ಹೇಳಲಿ ಧಾರೆಮುಹೂರ್ತ ಸರ್?

ಧಾರೆಮುಹೂರ್ತ:

ಹಾಕುವುದಿಲ್ಲ ಅಂತ ಹೇಳಿ, ಮತ್ತೆ ನಿಜವಾಗಲೂ ಹಾಕಬೇಡಿ.

ಐದನೇ ವರ್ಷ ನಾನು ಹಾಕಿದೆ. ಮಕ್ಕಳು ಕೇಳಿದರು, ನನಗೂ ಜಂಬ ಇತ್ತು. ಎರಡು ದಿನಕ್ಕೆ ಒಬ್ಬ ಹುಡುಗಿಯ ಬಣ್ಣದ ಬಗ್ಗೆ ಯಾರೋ ಕೆಟ್ಟದಾಗಿ ಬರೆದರು. ಮೂರನೇ ದಿನ ಅವಳ ಅಪ್ಪ ನನ್ನ ಸ್ಟುಡಿಯೊ ಬಾಗಿಲಲ್ಲಿ ನಿಂತಿದ್ದರು. ಬೈಯಲಿಲ್ಲ. "ತೆಗೀರಿ ಸರ್" ಅಂದರು ಅಷ್ಟೆ. ಬೈದಿದ್ದರೆ ವಾಸಿ ಇತ್ತು. ಅವತ್ತೇ ತೆಗೆದೆ. ಆಮೇಲೆ ಯಾವ ಚಿತ್ರವನ್ನೂ ಹಾಕಿಲ್ಲ.

ಈಗ ಮಾಡುವುದು ಹೀಗೆ. ಶಿಬಿರದ ಹಿಂದಿನ ದಿನ ಮನೆಯವರನ್ನೆಲ್ಲ ಕರೆದು, ಎಲ್ಲಿ ತೆಗೆಯುತ್ತೇವೆ, ಯಾರ ಫೋನಲ್ಲಿ ಇರುತ್ತದೆ, ಎಲ್ಲಿ ತೋರಿಸುತ್ತೇವೆ ಅಂತ ಹೇಳಿ, ಕನ್ನಡದಲ್ಲೇ ಒಂದು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತೇನೆ. ಶಿಬಿರದ ಫೋನಿನ ಕ್ಲಿಪ್ಪು ಕೊನೆಯ ದಿನ ಅಳಿಸುತ್ತೇನೆ, ಅವರ ಮುಂದೆಯೇ. ಹುಡುಗಿ ಪರದೆ ಮೇಲೆ ಕಾಣಬಾರದು ಅಂತ ಮನೆಯವರು ಅಂದರೆ ಸರಿ, ಕ್ಯಾಮೆರಾ ಹಿಂದೆ ಇರಲಿ. ಆದರೆ ನಾನು ನೋಡಿದ ಹಾಗೆ, ಆ ಅಮ್ಮಂದಿರನ್ನು ಒಂದು ದಿನ ಶೂಟಿಂಗಿಗೆ ಕರೆದು ಥರ್ಮಾಕೋಲ್ ಹಿಡಿಸಿದರೆ, ಮೂರನೇ ದಿನ "ನಾನೂ ಒಂದು ಪಾತ್ರ ಮಾಡ್ಲಾ?" ಅನ್ನುತ್ತಾರೆ.

ಪ್ರದರ್ಶನ ಊರಲ್ಲೇ ಇಡಿ. ದೇವಸ್ಥಾನದ ಮುಂದೆ ಬಿಳಿ ಪಂಚೆ ಎರಡು ಸೇರಿಸಿ ಹೊಲಿದು ಬಿಗಿಯಾಗಿ ಕಟ್ಟಿ. ಮೇ ತಿಂಗಳಲ್ಲಿ ಏಳೂಕಾಲಿಗೆ ಮೊದಲು ಪ್ರೊಜೆಕ್ಟರ್ ಹಚ್ಚಬೇಡಿ, ಏನೂ ಕಾಣುವುದಿಲ್ಲ. ಪಂಚಾಯ್ತಿ ಅಧ್ಯಕ್ಷರ ಭಾಷಣ ಇದ್ದರೆ ಆ ಹೊತ್ತಿಗೆ ಮುಗಿಸಿಕೊಳ್ಳಿ, ಕತ್ತಲಾಗುವ ತನಕ ಅದೂ ಒಂದು ಉಪಯೋಗ.

ಓದುಮನೆ:

ಶಿಬಿರದ ಎರಡನೇ ದಿನ ಮುಗಿಸಿ ಬರೆಯುತ್ತಿದ್ದೇನೆ. 18ರಲ್ಲಿ 17 ಬಂದಿದ್ದಾರೆ. 50 ಸೆಕೆಂಡಿನ ಶಾಟು ನಿನ್ನೆ ಮಾಡಿಸಿದೆ. ನೀವು ಹೇಳಿದ ಹಾಗೇ ಎಲ್ಲರೂ ಝೂಮ್ ಮಾಡಿದರು. ಇವತ್ತು ಎರಡನೇ ಸಲ ಮಾಡಿದಾಗ ಒಂದು ಶಾಟ್ ನೋಡಿ ನನಗೆ ಮಾತೇ ಹೊರಡಲಿಲ್ಲ.

ನಮ್ಮ ಕಡೆ ಕೊಬ್ಬರಿ ಮಾಡುವುದು ಗೊತ್ತಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೇವೆ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಒಬ್ಬಳು ಅವಳ ಅಜ್ಜಿಯನ್ನು ಅಟ್ಟದ ಮೇಲೆ ತೆಗೆದಿದ್ದಾಳೆ. ಅಜ್ಜಿ ಒಂದೊಂದೇ ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ, ಆಗಿದ್ದನ್ನು ಈ ಕಡೆ, ಆಗದ್ದನ್ನು ಆ ಕಡೆ ಇಡುತ್ತಾರೆ. ಒಂದು ಕಾಯಿ ಹತ್ತಿರ ಮಾತ್ರ ಎರಡು ಸಲ ಅಲ್ಲಾಡಿಸಿ, ಯೋಚಿಸಿ, ವಾಪಸ್ ಅದೇ ಜಾಗಕ್ಕೆ ಇಡುತ್ತಾರೆ. ಅಲ್ಲಿಗೆ 50 ಸೆಕೆಂಡು. ಇದನ್ನೇ ಚಿತ್ರ ಮಾಡುತ್ತೇವೆ ಅಂತ ಆ ಗುಂಪು ತೀರ್ಮಾನ ಮಾಡಿದೆ.

ತೊಂದರೆ ಏನೆಂದರೆ, ಕಾಯಿಯ ಒಳಗಿನ ಗಡಗಡ ಸದ್ದೇ ಕೇಳುವುದಿಲ್ಲ. ಫೋನ್ ದೂರ ಇತ್ತು, ಕೆಳಗೆ ಟಿವಿಯಲ್ಲಿ ಸೀರಿಯಲ್ ಬೇರೆ. ಅಜ್ಜಿ ಯಾಕೆ ಕಾಯಿ ಅಲ್ಲಾಡಿಸುತ್ತಿದ್ದಾರೆ ಅಂತ ಹೊರಗಿನವರಿಗೆ ಗೊತ್ತೇ ಆಗಲ್ಲ. ಹತ್ತಿರ ಹೋಗಿ ತೆಗೆದರೆ ಅಜ್ಜಿ ಫೋನನ್ನೇ ನೋಡುತ್ತಾರೆ.

ಧಾರೆಮುಹೂರ್ತ:

ಆಮೇಲೆ ಹೇಳುತ್ತೇನೆ ಅಂದಿದ್ದೆನಲ್ಲ, ಐದನೇ ಫೋನು ಇರುವುದು ಇದಕ್ಕೇ.

ಫೋನು ಈಗಿರುವ ಜಾಗದಲ್ಲೇ ಇರಲಿ, ಹತ್ತಿರ ಹೋಗಬೇಡಿ. ಐದನೇ ಫೋನಲ್ಲಿ ರೆಕಾರ್ಡರ್ ಆನ್ ಮಾಡಿ, ಅಜ್ಜಿಯ ಪಕ್ಕದ ಕಾಯಿ ರಾಶಿಯಲ್ಲಿ ಬಚ್ಚಿಡಿ. ಶುರುವಿನಲ್ಲಿ ಒಬ್ಬರು ಎರಡೂ ಫೋನಿಗೆ ಕೇಳುವ ಹಾಗೆ ಒಂದು ಚಪ್ಪಾಳೆ ಹೊಡೆಯಲಿ, ಕೈ ಚಿತ್ರದಲ್ಲಿ ಕಾಣಬೇಕು. ಎಡಿಟಿಂಗಲ್ಲಿ ಕೈ ಸೇರುವ ಜಾಗಕ್ಕೆ ಚಪ್ಪಾಳೆ ಸದ್ದು ಕೂರಿಸಿದರೆ ಮಿಕ್ಕದ್ದೆಲ್ಲ ತಾನಾಗಿ ಕೂರುತ್ತದೆ. ಅಷ್ಟಾದರೂ ಸರಿಯಾಗದಿದ್ದರೆ ಬೇರೆ ಹೊತ್ತಲ್ಲಿ, ಬಾಗಿಲು ಹಾಕಿಕೊಂಡು, ಒಣಗಿದ ಕಾಯಿ ಒಂದು, ಒಣಗದ್ದು ಒಂದು, ಎರಡನ್ನೂ ಮೈಕಿನ ಹತ್ತಿರ ಅಲ್ಲಾಡಿಸಿ ರೆಕಾರ್ಡ್ ಮಾಡಿಕೊಳ್ಳಿ. ಯಾವುದು ಯಾವುದರ ಸದ್ದು ಅಂತ ಅಜ್ಜಿಗೆ ಕೇಳಿಸಿ ಖಾತ್ರಿ ಮಾಡಿಕೊಳ್ಳುವುದು ಮರೆಯಬೇಡಿ. ಹಪ್ಪಳದ ವಿಷಯದಲ್ಲಿ ನಾನು ಕೆಟ್ಟಿದ್ದು ಅಲ್ಲೇ.

ಆ ವಾಪಸ್ ಇಟ್ಟ ಕಾಯಿಯ ಸದ್ದು ಮಾತ್ರ ಬೇರೆ ಏನೂ ಸೇರಿಸದೆ ಹಾಗೇ ಇರಲಿ. ಮತ್ತೆ ಬಾರದ ಆ 18ನೆಯ ಮಗು ಯಾರು? ಮನೆಗೆ ಹೋಗಿ ಕರೆದುಕೊಂಡು ಬನ್ನಿ.

ಓದುಮನೆ:

ಸಿನಿಮಾ ಮಾಡ್ಸಿ ಮಿಸ್ ಅಂದಿದ್ದನಲ್ಲ, ಅವನೇ ಸರ್. ಅಪ್ಪನ ಜೊತೆ ಕಾಯಿ ಲಾರಿ ಲೋಡಿಗೆ ಹೋಗುತ್ತಿದ್ದಾನಂತೆ, 10 ಗಂಟೆಗೆ ಬಿಡುವಾಗುತ್ತೆ ಅಂದರು. ಅಜ್ಜಿ ನಾಳೆ ಬೆಳಿಗ್ಗೆ 7ಕ್ಕೆ ಒಪ್ಪಿದ್ದಾರೆ, ಟಿವಿ ಹಾಕುವ ಮುಂಚೆ. ಅವನ ಪಾಲಿನ ಅವಲಕ್ಕಿ ಎತ್ತಿಡುತ್ತೇನೆ.